ಬುಧವಾರವೇ ಸರಿ, ಆದರೆ ಏಳಕ್ಕೇ ಶುರು ಮಾಡಿ

ದಾವಣಗೆರೆಯಲ್ಲಿ ಬುಧವಾರ ರಾತ್ರಿ ಟೆಕ್ನೋ (ಕುಣಿಯೋಕೆ ಹಾಕುವ ಎಲೆಕ್ಟ್ರಾನಿಕ್ ಸಂಗೀತ) ಹಾಕಿದರೆ ಜನ ಬರ್ತಾರಾ, ಇಲ್ಲಾ ಶನಿವಾರಕ್ಕೇ ಕಾಯಬೇಕಾ ಅಂತ ಕೇಳಿದ್ದೀರಿ. ಬುಧವಾರವೇ ಮಾಡಿ. ವಾರಾಂತ್ಯಕ್ಕೆ ಹಾಲ್‌ಗಳೆಲ್ಲ ರಿಸೆಪ್ಷನ್‌ಗೆ ಹೋಗಿರುತ್ತವೆ, ಓದುವ ಹುಡುಗರು ಊರಿಗೆ ಹೊರಟಿರುತ್ತಾರೆ. ವಾರದ ನಡುವೆ ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನವರು ಇಲ್ಲೇ ಇರ್ತಾರೆ. ಹಾಸ್ಟೆಲ್ ಗೇಟ್ ಎಷ್ಟೊತ್ತಿಗೆ ಹಾಕ್ತಾರೆ ಅಂತ ಮಾತ್ರ ಮೊದಲೇ ವಿಚಾರಿಸಿ.

ಏಳರಿಂದ ಹತ್ತರವರೆಗೆ ಸಾಕು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ ನಿಜ, ಆದರೆ ಬಾಸ್, ಅಂದರೆ ಆ ತಗ್ಗು ಸ್ವರದ ಗುಡುಗು, ಗೋಡೆಗೆ ನಿಲ್ಲುವುದಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಬಾಸ್‌ನ ಸ್ಪೀಕರ್ (ಸಬ್‌ವೂಫರ್) ಹಚ್ಚಿ, ನೀವೇ ರಸ್ತೆಗೆ ಹೋಗಿ ನಿಂತು ಕೇಳಿ. ಅಕ್ಕಪಕ್ಕದ ಮನೆಯವರ ಹತ್ತಿರ ಮುಂಚೆಯೇ ಮಾತಾಡಿ. ಹಾಡುಗಳನ್ನು ಸಾರ್ವಜನಿಕವಾಗಿ ಹಾಕುವ ಪರವಾನಗಿಯನ್ನೂ ಮರೆಯಬೇಡಿ.

ನಮ್ಮೂರಲ್ಲಿ ಡಿಜೆ ಅಂದರೆ ಗಣಪತಿ ಮೆರವಣಿಗೆಯ ಲಾರಿ. ಅಮೆರಿಕದ ಡೆಟ್ರಾಯ್ಟ್‌ನಿಂದ ಬಂದ ಈ ಸಂಗೀತ ಬೇರೆ ಅಂತ ಪೋಸ್ಟರ್‌ನಲ್ಲಿ ವಿವರಿಸೋದಕ್ಕಿಂತ ಕಿವಿಗೇ ಬಿಡಿ: ಮೊದಲ ಗಂಟೆ ನಿಮಿಷಕ್ಕೆ 115 ಬೀಟ್‌ನ ನಿಧಾನದ್ದು, ಆಮೇಲೆ 130. ಮೊದಲ ವಾರ ಇಪ್ಪತ್ತೇ ಜನ ಬಂದರೂ ಮುಂದಿನ ಬುಧವಾರ ದಯವಿಟ್ಟು ತಪ್ಪಿಸಬೇಡಿ. ನಾನಂತೂ ಬರ್ತೀನಿ.