“ಮನೆಯಲ್ಲೂ ಕನ್ನಡವನ್ನೇ ಮಾತಾಡಿ” ಅನ್ನುವ ಮುಂಚೆ

ಈ ಮಳೆಗಾಲದಲ್ಲಿ ಇಂಥದ್ದೊಂದು ಸಮಸ್ಯೆ ಸಲಹೆಗೆ ಅಂತ ನನ್ನ ಹತ್ತಿರ ಬಂದಿದ್ದು ಮೂರನೇ ಸಲ. ದುಡಿಯಲು ದೂರದಿಂದ ಬಂದ ಕುಟುಂಬ. ಶಾಲೆಯಲ್ಲಿ ಬಾಯಿಯೇ ಬಿಡದ ಮಗು. ಅಪ್ಪ ಅಮ್ಮನಿಗೆ ಯಾರೋ ಒಳ್ಳೆ ಮನಸ್ಸಿನಿಂದಲೇ ಹೇಳಿದ ಒಂದು ಮಾತು: “ಮನೆಯಲ್ಲೂ ಕನ್ನಡವನ್ನೇ ಮಾತಾಡಿ, ಬೇಗ ಕಲೀತಾನೆ.” ಆ ಮಾತು ಏನು ಮಾಡುತ್ತದೆ ಅಂತ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ತಾಯಿಯ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ ಎಂಟು ವರ್ಷ. ಮನೆಯವರು ನೇಪಾಳದ ಗುಡ್ಡದ ಕಡೆಯವರು. ತೀರ್ಥಹಳ್ಳಿ ಕಡೆ ಒಂದು ಅಡಿಕೆ ತೋಟದಲ್ಲಿ ಕೆಲಸ, ಅಲ್ಲೇ ವಾಸ. ಶಾಲೆಗೆ ಸೇರಿ ಏಳು ತಿಂಗಳಾದರೂ ಅವನು ಒಂದು ಮಾತೂ ಆಡಿರಲಿಲ್ಲ. ಕಿವಿ ಪರೀಕ್ಷೆ ಆಗಿತ್ತು, ತೊಂದರೆ ಇರಲಿಲ್ಲ. ಊರಲ್ಲಿದ್ದಾಗ ಚೆನ್ನಾಗಿ ಮಾತಾಡುತ್ತಿದ್ದನಂತೆ.

ಮೊದಲ ಭೇಟಿಯಲ್ಲಿ ಅವನಿಗೆ ಖುಷಿಯಾಗಲಿ ಅಂತ ನೇಪಾಳದ ಬಗ್ಗೆ ಇರುವ ಚಿತ್ರಪುಸ್ತಕ ತೆಗೆದಿಟ್ಟೆ. ಹಿಮದ ಬೆಟ್ಟ, ಬಾವುಟ, ಎಲ್ಲ ಇತ್ತು. ಅವನು ಎರಡು ಪುಟ ನೋಡಿ ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದ. ಕಾರಣ ಆಮೇಲೆ ಗೊತ್ತಾಯ್ತು. ಶಾಲೆಯಲ್ಲಿ ಅವನ ಮುಖ ನೋಡಿ ಮಕ್ಕಳು ಹೆಸರಿಟ್ಟು ಕರೆಯುತ್ತಿದ್ದರು. ನೀನು ಬೇರೆಯವನು ಅಂತ ಅವನಿಗೆ ದಿನಾ ಕೇಳಿಸುತ್ತಿತ್ತು. ನಾನೂ ಪುಸ್ತಕ ಹಿಡಿದು ಅದನ್ನೇ ಹೇಳಿದ ಹಾಗಾಯ್ತು. ಅದು ನನ್ನ ತಪ್ಪು.

ಮೂರನೇ ಭೇಟಿಗೆ ತಾಯಿಯೂ ಬಂದರು. ಹೊರಗೆ ಜೋರು ಮಳೆ. ನನ್ನ ಹಿಂದಿ, ಅವರ ಅರೆಬರೆ ಕನ್ನಡ, ಹೇಗೋ ಮಾತು ಸಾಗಿತ್ತು. ಮನೆಯಲ್ಲಿ ಮಗನ ಹತ್ತಿರ ಏನು ಮಾತಾಡುತ್ತೀರಿ ಅಂತ ಕೇಳಿದೆ. “ಊಟ ಮಾಡು, ಬಾ, ಮಲಗು,” ಅಂದರು. ಅಷ್ಟೇ. ಅವರಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಮನೆಯಲ್ಲಿ ನೇಪಾಳಿ ಬೇಡ ಅಂತ ಗಂಡ ಕಟ್ಟುನಿಟ್ಟು ಮಾಡಿದ ಮೇಲೆ ಅಮ್ಮನ ಹತ್ತಿರ ಮಗನಿಗೆ ಹೇಳಲು ಉಳಿದಿದ್ದು ಈ ಮೂರು ಮಾತು. ಹುಡುಗ ಮೂಕನಾಗಿದ್ದು ಶಾಲೆಯಲ್ಲಿ ಮಾತ್ರ ಅಲ್ಲ. ಮನೆಯೂ ಮೂಕವಾಗಿತ್ತು.

ಮೇಜಿನ ಮೇಲೆ ಮಲೆನಾಡಿನ ಮಳೆಯ ಬಗ್ಗೆ ಒಂದು ಕನ್ನಡ ಚಿತ್ರಪುಸ್ತಕವಿತ್ತು. ಪಾಪ, ಅವರು ಕೈಗೆ ಏನಾದರೂ ಇರಲಿ ಅಂತ ಸುಮ್ನೆ ತಿರುವಿ ಹಾಕುತ್ತಿದ್ದರು. ಒಂದು ಪುಟದಲ್ಲಿ ಕೈ ನಿಂತಿತು. ಗದ್ದೆಯಲ್ಲಿ ಬಗ್ಗಿ ನಟ್ಟಿ ಮಾಡುವ ಹೆಂಗಸರು, ಬೆನ್ನ ಮೇಲೆ ಮಳೆಗೆ ಹಾಕಿಕೊಳ್ಳುವ ಗೊರಬು. “ಘುಮ್!” ಅಂದರು ತಾಯಿ, ಸ್ವಲ್ಪ ಜೋರಾಗಿಯೇ.

ನೇಪಾಳದ ಗುಡ್ಡಗಳಲ್ಲೂ ನಟ್ಟಿ ಮಾಡುವಾಗ ಬಿದಿರು, ಎಲೆಯಿಂದ ಹೆಣೆದ ಅಂಥದ್ದನ್ನೇ ತಲೆ ಮೇಲಿಂದ ಹಾಕಿಕೊಳ್ಳುತ್ತಾರೆ. ಅದಕ್ಕೆ ಘುಮ್ ಅನ್ನುತ್ತಾರೆ.

ಹುಡುಗ ಪುಟದ ಮೇಲೆ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ, “ಅಲ್ಲ, ಗೊರಬು,” ಅಂದ.

ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ಅದೂ ಕನ್ನಡ. ತೋಟದ ಯಜಮಾನರ ಮನೆ ಜಗಲಿಯಲ್ಲಿ ಹಳೇ ಗೊರಬೊಂದು ನೇತಾಡುತ್ತಿದೆಯಂತೆ, ಅಲ್ಲಿಯ ಅಜ್ಜಿ ಹೆಸರು ಹೇಳಿಕೊಟ್ಟಿದ್ದರಂತೆ. ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಈ ಪದ ಗೊತ್ತು? ತಾಯಿ ನಕ್ಕು ನೇಪಾಳಿಯಲ್ಲಿ ಏನೋ ಹೇಳಿದರು, ಅವನೂ ನೇಪಾಳಿಯಲ್ಲೇ ಉತ್ತರ ಕೊಟ್ಟ. ನಾನು ಸುಮ್ಮನೆ ಕೂತೆ. ಅಸಾರ್ ತಿಂಗಳ 15ಕ್ಕೆ ಅವರಲ್ಲಿ ನಟ್ಟಿಯ ಹಬ್ಬ, ಅವತ್ತು ದಹಿ ಚಿಯುರಾ ತಿನ್ನುತ್ತಾರೆ ಅಂತ ತಾಯಿ ನನಗೆ ವಿವರಿಸಿದರು. “ಮೊಸರವಲಕ್ಕಿ!” ಅಂದೆ. ಹುಡುಗ ತಲೆಯಾಡಿಸಿದ.

1990ರಲ್ಲಿ ಅಮೆರಿಕದ ಪ್ರಾಧ್ಯಾಪಕಿ ರೂಡೀನ್ ಸಿಮ್ಸ್ ಬಿಷಪ್ ಅವರು ಮಕ್ಕಳ ಪುಸ್ತಕವನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿ ಬರೆದರು. ಮಗು ತನ್ನನ್ನೂ ನೋಡಿಕೊಳ್ಳಬೇಕು, ಬೇರೆಯವರ ಬದುಕನ್ನೂ ನೋಡಬೇಕು ಅಂತ. ಮೊದಲ ದಿನ ನಾನು ಕನ್ನಡಿ ಕೊಟ್ಟೆ ಅಂದುಕೊಂಡಿದ್ದೆ. ಆದರೆ ಹಿಮ, ಬಾವುಟ ಅವನ ಮನೆಯ ಬದುಕಲ್ಲ. ನಮ್ಮ ಗದ್ದೆಯ ಚಿತ್ರವೇ ಆ ತಾಯಿಗೆ ಕನ್ನಡಿಯಾಯ್ತು. ಮಗನಿಗಿಂತ ಜಾಸ್ತಿ ತಿಳಿದವರಾಗಿ ಅವರು ತುಂಬಾ ದಿನದ ಮೇಲೆ ಕೂತಿದ್ದರು.

ನಾನು ಕೊಟ್ಟ ಸಲಹೆ ಇದು. ಮನೆಯಲ್ಲಿ ನೇಪಾಳಿಯನ್ನೇ ಮಾತಾಡಿ, ಮನಸ್ಸು ಬಿಚ್ಚಿ ಮಾತಾಡಿ. ರಾತ್ರಿ ಒಂದು ಕನ್ನಡ ಚಿತ್ರಪುಸ್ತಕ ಹಿಡಿದು ಕೂತುಕೊಳ್ಳಿ. ಅಕ್ಷರ ಬರದಿದ್ದರೂ ಪರವಾಗಿಲ್ಲ, ಚಿತ್ರ ನೋಡಿ ನಿಮ್ಮ ಮಾತಲ್ಲಿ ಕಥೆ ಹೇಳಿ. ಕನ್ನಡದ ಹೆಸರು ಅವನು ಹೇಳಲಿ. ಪುಸ್ತಕಕ್ಕೆ ದುಡ್ಡು ಹಾಕಬೇಕಿಲ್ಲ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳೂ ಇವೆ, ನೇಪಾಳಿಯವೂ ಇವೆ, ಮೊಬೈಲಿನಲ್ಲೇ ನೋಡಬಹುದು. ಟೀಚರಿಗೆ ಹೇಳಿದ್ದು ಎರಡೇ ಮಾತು: ಎಲ್ಲರ ಮುಂದೆ ನಿಲ್ಲಿಸಿ ಮಾತಾಡಿಸಬೇಡಿ, ಹೆಸರಿಟ್ಟು ಕರೆಯುವುದನ್ನು ಇವತ್ತೇ ನಿಲ್ಲಿಸಿ.

ಇದನ್ನು ಹೇಳಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಬರುತ್ತದೆ. ಕರ್ನಾಟಕಕ್ಕೆ ಬಂದವರು ಕನ್ನಡ ಕಲಿಯಬೇಕಲ್ವಾ, ನೀವೇ ಬೇಡ ಅಂತೀರಾ? ಬೇಡ ಅನ್ನುತ್ತಿಲ್ಲ. ಕನ್ನಡ ಕಲಿಯಲೇಬೇಕು, ಅವನು ಕಲಿಯುತ್ತಲೂ ಇದ್ದ. ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುವುದು ಸಹಜ. ಆದರೆ ಅಮ್ಮನ ಮಾತನ್ನು ಬಿಡಿಸಿ ಕನ್ನಡ ಕಲಿಸುತ್ತೇವೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿರುವ ಮೊಮ್ಮಗಳು ಫೋನಿನಲ್ಲಿ ಕನ್ನಡ ಮಾತಾಡಲ್ಲ ಅಂತ ಕಣ್ಣೀರು ಹಾಕಿದ ಅಜ್ಜಿಯರು ನನ್ನ ಎದುರು ಇದೇ ಕುರ್ಚಿಯಲ್ಲಿ ಕೂತಿದ್ದಾರೆ. ಆ ಸಂಕಟ ನಮಗೆ ಚೆನ್ನಾಗಿ ಗೊತ್ತು. ಇನ್ನೊಬ್ಬರ ಮನೆಗೆ ಅದನ್ನು ಹೇಗೆ ಕೊಡೋದು?

ಒಂದು ಎಚ್ಚರಿಕೆ ಮಾತ್ರ ಇದೆ. ಮಗು ಮನೆಯಲ್ಲಿ, ತನ್ನದೇ ಭಾಷೆಯಲ್ಲೂ ಮಾತಾಡದಿದ್ದರೆ ಅಥವಾ ಬರುತ್ತಿದ್ದ ಮಾತು ಕಡಿಮೆಯಾಗುತ್ತಿದ್ದರೆ ಪುಸ್ತಕ ಸಾಲದು. ಮೊದಲು ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ.

ಈಗ ಶಾಲೆಯಲ್ಲಿ ಪಕ್ಕದ ಹುಡುಗನ ಜೊತೆ ಪಿಸುಮಾತು ಶುರುವಾಗಿದೆ ಅಂತ ಟೀಚರ್ ಫೋನ್ ಮಾಡಿದ್ದರು. ತರಗತಿಯಲ್ಲಿ ಉತ್ತರ ಹೇಳುವುದು ಇನ್ನೂ ಇಲ್ಲ. ತಂದೆ ಪೂರ್ತಿ ಒಪ್ಪಿಲ್ಲ. “ನಮ್ಮ ಮಾತಿಂದ ಇಲ್ಲಿ ಏನು ಸಿಗುತ್ತೆ ಮೇಡಂ?” ಅಂತ ಕೇಳಿದ್ದಾರೆ. ಅಡಿಕೆ ಕೊಯ್ಲು ಮುಗಿದ ಮೇಲೆ ಮೂವರೂ ಬರುತ್ತೇವೆ ಅಂದಿದ್ದಾರೆ. ಆ ಮಳೆಯ ಪುಸ್ತಕ ಸದ್ಯ ಅವರ ಮನೆಯಲ್ಲೇ ಇದೆ.