ಇಲವಾಲದ 30x40 ಸೈಟ್: 11ಬಿ ನಂಬಿ ಅಡ್ವಾನ್ಸ್ ಕೊಡಬಹುದೇ?

ಸರ್, ಮೈಸೂರು ಬಳಿಯ ಇಲವಾಲದ ಹತ್ತಿರ 11ಬಿ ಇರುವ ಸೈಟ್‌ಗೆ ಅಡ್ವಾನ್ಸ್ ಕೊಡಬಹುದೇ ಅಂತ ಕೇಳಿದ್ದೀರಿ. ಈಗಲೇ ಬೇಡ. 11ಬಿ ಪಂಚಾಯ್ತಿ ತೆರಿಗೆಯ ದಾಖಲೆಯಷ್ಟೇ; ಅದರಿಂದ ಬಡಾವಣೆಗೆ ಮಂಜೂರಾತಿ ಸಿಕ್ಕಂತಾಗದು. ಮಾರುವವರಿಂದ ಮೊದಲು ಮೂಲ ಸರ್ವೆ ನಂಬರ್, ಭೂಪರಿವರ್ತನೆ ಆದೇಶ, ಮಂಜೂರಾದ ಲೇಔಟ್ ನಕ್ಷೆ ಕೇಳಿ.

ಹಳೆಯ ಪಹಣಿಗಳ 10, 11ನೇ ಕಾಲಂ ನಿಧಾನವಾಗಿ ಓದಿ. 'ದರಖಾಸ್ತು', 'ಗ್ರಾಂಟ್' ಅಂತ ಕಂಡರೆ ಅದು ಸರ್ಕಾರ ಮಂಜೂರು ಮಾಡಿದ ಜಮೀನು; ತಾಲ್ಲೂಕು ಕಚೇರಿಯಿಂದ ಮಂಜೂರಾತಿ ಕಡತದ ದೃಢೀಕೃತ ನಕಲು ತೆಗೆಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ (ಇಂಥ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ಕ್ರಯಪತ್ರವೇ ಅಸಿಂಧು. ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಮೂಲ ಮಂಜೂರುದಾರರ ಕುಟುಂಬದ ಹಕ್ಕಿದು, ಹಗುರವಾಗಿ ತೆಗೆದುಕೊಳ್ಳಬೇಡಿ.

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸುವಾಗ ಸೈಟ್ ನಂಬರ್ ಜೊತೆ ಸರ್ವೆ ನಂಬರಿಗೂ ತೆಗೆಸಿ. ನೋಂದಣಿಯಾಗದ ಕರಾರು ಅದರಲ್ಲಿ ಬರುವುದಿಲ್ಲ; ಹಾಗಾಗಿ ಇಸಿ ಒಂದನ್ನೇ ನಂಬದೆ ಜಮೀನು ಮಾರಿದ ಕುಟುಂಬದ ವಂಶವೃಕ್ಷ ನೋಡಿ, ಕ್ರಯಪತ್ರದಲ್ಲಿ ಹೆಣ್ಣುಮಕ್ಕಳ ಸಹಿಯೂ ಇದೆಯೇ ಗಮನಿಸಿ.