70 ಡಾಲರ್ ಚಂದಾ, ಸಾವಿರ ದಾಟಿದ ಡೀಲರ್ ಫೀ

ಪ್ರಶ್ನೆ: ಸರ್, ನಮಸ್ಕಾರ. ನಾವು ಫ್ಲೋರಿಡಾದಲ್ಲಿದ್ದೇವೆ. ಮಕ್ಕಳ ಓದು ಮುಗಿಯಿತು, ಈಗ ಬಹಳ ದಿನದ ಆಸೆಯಂತೆ ಹೊಸ ಕಾರ್ವೆಟ್ (ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರು) ತಗೊಳ್ಳಲು ಹೊರಟಿದ್ದೇನೆ. ಡೀಲರ್ ಕೊಟ್ಟ ಚೀಟಿಯಲ್ಲಿ ಕಾರಿನ ಬೆಲೆ ಆದ ಮೇಲೆ ಡೀಲರ್ ಫೀ 1,199 ಡಾಲರ್, ಎಲೆಕ್ಟ್ರಾನಿಕ್ ಫೈಲಿಂಗ್ (ನೋಂದಣಿ ಕಾಗದ ಸಲ್ಲಿಸುವುದಕ್ಕೆ) 399, ಪ್ರೊಟೆಕ್ಷನ್ ಪ್ಯಾಕೇಜ್ 1,995, ಮಾರ್ಕೆಟ್ ಅಡ್ಜಸ್ಟ್‌ಮೆಂಟ್ 5,000 ಎಂದಿದೆ. ಇದರ ಮಧ್ಯೆ ಗೆಳೆಯರೊಬ್ಬರು ಕಾರ್ವೆಟ್ ಕ್ಲಬ್ ಸೇರಿಕೋ ಎನ್ನುತ್ತಿದ್ದಾರೆ. ವರ್ಷಕ್ಕೆ 70 ಡಾಲರ್ ಚಂದಾ. ಇಷ್ಟೆಲ್ಲ ಕೊಟ್ಟ ಮೇಲೆ ಅದೂ ಯಾಕೆ ಎಂದು ಹೆಂಡತಿ ಕೇಳುತ್ತಾಳೆ. ಯಾವುದನ್ನು ಕೊಡಬೇಕು, ಯಾವುದು ಬೇಡ?

ಉತ್ತರ: ಮೊದಲು ನಿಮ್ಮ ಮನೆಯವರ ಪ್ರಶ್ನೆಗೇ ಬರುತ್ತೇನೆ. ಫ್ಲೋರಿಡಾದಲ್ಲಿ ಡೀಲರ್ ಫೀ ಮೇಲೂ 6% ಸೇಲ್ಸ್ ಟ್ಯಾಕ್ಸ್ ಬೀಳುತ್ತದೆ. 1,199ಕ್ಕೆ ಅದು ಸುಮಾರು 72 ಡಾಲರ್. ಅಂದರೆ ಆ ಒಂದು ಸಾಲಿನ ತೆರಿಗೆಯೇ ಕ್ಲಬ್ಬಿನ ಒಂದು ವರ್ಷದ ಚಂದಾಕ್ಕಿಂತ ಜಾಸ್ತಿ. ಕ್ಲಬ್ ಸೇರಿ. ಆದರೆ ಕಾರು ಮನೆಗೆ ಬಂದ ಮೇಲೆ ಅಲ್ಲ, ಸಹಿ ಹಾಕುವ ಮುಂಚೆಯೇ ಸೇರಿ. ಯಾಕೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ, ಮೊದಲು ಆ ಚೀಟಿ ನೋಡೋಣ.

ಕಾರಿನ ಗಾಜಿಗೆ ಅಂಟಿಸಿದ ಕಂಪನಿಯ ಹಾಳೆಗೆ ಮನ್ರೋನಿ ಸ್ಟಿಕ್ಕರ್ ಎನ್ನುತ್ತಾರೆ. ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ 1958ರಲ್ಲಿ ತಂದ ಕಾನೂನಿನಿಂದ ಬಂದದ್ದು ಅದು. ಕಾರಿನ ಬೆಲೆ, ಆಪ್ಷನ್‌ಗಳು, ಸಾಗಣೆ ಶುಲ್ಕ ಎಲ್ಲ ಅದರಲ್ಲಿರುತ್ತದೆ. ಸಾಗಣೆ ಶುಲ್ಕದ ಬಗ್ಗೆ ಚೌಕಾಸಿ ಮಾಡಬೇಡಿ, ಸುಮ್ನೆ ಸಮಯ ಹಾಳು. ಕಾರ್ವೆಟ್ ತಯಾರಾಗುವುದು ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿ. ಆ ಕಾರ್ಖಾನೆ ಪಕ್ಕದಲ್ಲೇ ಇರುವವರೂ ಇದನ್ನು ಕೊಡಲೇಬೇಕು.

ಆ ಹಾಳೆಯ ಪಕ್ಕದಲ್ಲಿ ಡೀಲರ್ ಅಂಟಿಸುವ ಎರಡನೇ ಹಾಳೆ ಇರುತ್ತದೆ ನೋಡಿ, ಹುಷಾರಾಗಿರಬೇಕಾದ್ದು ಅಲ್ಲಿ. ಪ್ರೊಟೆಕ್ಷನ್ ಪ್ಯಾಕೇಜ್ ಎಂದರೆ ಸಾಮಾನ್ಯವಾಗಿ ಟೈರಿಗೆ ನೈಟ್ರೋಜನ್, ಚಕ್ರಕ್ಕೆ ಲಾಕ್ ನಟ್, ಗಾಜಿನ ಮೇಲೆ ಕಾರಿನ ನಂಬರ್ ಕೆತ್ತನೆ, ಸೀಟಿಗೆ ಒಂದು ಸ್ಪ್ರೇ. ನಾವು ಉಸಿರಾಡುವ ಗಾಳಿಯಲ್ಲೇ 78% ನೈಟ್ರೋಜನ್ ಇದೆ. 1,995 ಡಾಲರ್ ಕೊಡುವ ಮುಂಚೆ ಒಂದೊಂದರ ಬೆಲೆ ಬಿಡಿಬಿಡಿಯಾಗಿ ಬರೆದು ಕೊಡಿ ಎಂದು ಕೇಳಿ. ಬೇಡದ್ದನ್ನು ತೆಗೆಸಿ. ಈಗಾಗಲೇ ಹಾಕಿಬಿಟ್ಟಿದ್ದೇವೆ ಎಂದರೆ, ನಾನು ಕೇಳಿರಲಿಲ್ಲ ಎಂದು ಹೇಳಿ, ಅಷ್ಟೇ.

ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಎನ್ನುವುದು ಬೇಡಿಕೆ ಜಾಸ್ತಿ ಇದೆ ಎಂದು ಸ್ಟಿಕ್ಕರ್ ಬೆಲೆಯ ಮೇಲೆ ಸೇರಿಸುವ ಮೊತ್ತ, ಪೂರ್ತಿ ಡೀಲರ್‌ನ ಲಾಭ. ಅದು ಕಾನೂನಿಗೆ ವಿರುದ್ಧವೂ ಅಲ್ಲ. ಡೀಲರ್ ಬೇರೆಯದೇ ವ್ಯಾಪಾರಿ. ಕಂಪನಿ ಸ್ಟಿಕ್ಕರ್ ಮೇಲೆ ಹಾಕುವುದು ಸೂಚಿಸಿದ ಬೆಲೆ ಮಾತ್ರ. ನಿಮ್ಮ ಚೀಟಿಯಲ್ಲಿ ದೊಡ್ಡ ಮೊತ್ತ ಇದೇ. ಆದರೂ ಬಹಳ ಜನ ಫೈಲಿಂಗ್‌ನ 399ಕ್ಕೆ ಅರ್ಧ ಗಂಟೆ ಜಗಳ ಆಡಿ, ಸುಸ್ತಾಗಿ, ಈ 5,000ಕ್ಕೆ ಸಹಿ ಹಾಕಿ ಬರುತ್ತಾರೆ. ನೀವು ಹಾಗೆ ಮಾಡಬೇಡಿ, ಮೊದಲು ಇದನ್ನೇ ಹಿಡಿಯಿರಿ.

ಇನ್ನು ಡೀಲರ್ ಫೀ, ಅಂದರೆ ಕಾಗದಪತ್ರ ಮಾಡಿಕೊಡುವ ಹೆಸರಲ್ಲಿ ಡೀಲರ್ ಹಾಕುವ ಶುಲ್ಕ. ಕ್ಯಾಲಿಫೋರ್ನಿಯಾದಲ್ಲಿ ಕಾಗದಪತ್ರದ ಶುಲ್ಕ 85 ಡಾಲರ್ ಮೀರುವ ಹಾಗಿಲ್ಲ. ನ್ಯೂಯಾರ್ಕ್‌ನಲ್ಲಿ ಮಿತಿ 175. ಫ್ಲೋರಿಡಾದಲ್ಲಿ ಮಿತಿಯೇ ಇಲ್ಲ. ಆದರೆ ನಿಮ್ಮ ರಾಜ್ಯದ ಕಾನೂನು ಎರಡು ಒಳ್ಳೆಯ ಕೆಲಸ ಮಾಡಿದೆ. ಈ ಶುಲ್ಕದಲ್ಲಿ ಡೀಲರ್‌ನ ಖರ್ಚಿನ ಜೊತೆ ಲಾಭವೂ ಸೇರಿದೆ ಎಂದು ಕಾಗದದಲ್ಲೇ ಬರೆಯಬೇಕು. ಜಾಹೀರಾತಿನಲ್ಲಿ ಹಾಕಿದ ಬೆಲೆಯೊಳಗೆ ಈ ಶುಲ್ಕ ಸೇರಿರಲೇಬೇಕು. ಹಾಗಾಗಿ ನೀವು ನೋಡಿದ ಜಾಹೀರಾತನ್ನು ಪ್ರಿಂಟ್ ಮಾಡಿಕೊಂಡು ಹೋಗಿ. ಎಲ್ಲರಿಗೂ ಒಂದೇ ಫೀ, ತೆಗೆಯೋಕೆ ಆಗಲ್ಲ ಎಂದರೆ ವಾದ ಬೇಡ. ಅಷ್ಟನ್ನೇ ಕಾರಿನ ಬೆಲೆಯಲ್ಲಿ ಇಳಿಸಿ ಎನ್ನಿ. ಅದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಇದೆಲ್ಲಕ್ಕೂ ಒಂದೇ ಪ್ರಶ್ನೆ ಸಾಕು: ಔಟ್ ದಿ ಡೋರ್ ಎಷ್ಟು? ತೆರಿಗೆ, ನಂಬರ್ ಪ್ಲೇಟ್, ಫೀ ಎಲ್ಲ ಸೇರಿ ಕೀಲಿಕೈ ಕೈಗೆ ಬರುವ ಹೊತ್ತಿಗೆ ಒಟ್ಟು ಎಷ್ಟು ಅಂತ. ಇದನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಬಾಯಿಮಾತು ಬೇಡ. ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರ ಕೊನೆಯಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಒಂದು ನಿಯಮ ಮಾಡಿತ್ತು. ಪೂರ್ತಿ ಬೆಲೆ ಮೊದಲೇ ಹೇಳಬೇಕು, ಪ್ರಯೋಜನವಿಲ್ಲದ ಹೆಚ್ಚುವರಿಗೆ ದುಡ್ಡು ತಗೊಳ್ಳಬಾರದು ಎಂದು. 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು, ನಿಯಮ ರೂಪಿಸುವಾಗ ಕ್ರಮ ತಪ್ಪಿದ್ದಕ್ಕೆ. ನನಗೆ ಇದು ಬಹಳ ಬೇಸರದ ವಿಷಯ. ಜೀವನದಲ್ಲಿ ಒಂದೇ ಸಲ ಇಂಥ ಕಾರು ಕೊಳ್ಳುವವರಿಗೆ ಅದರಿಂದ ದೊಡ್ಡ ಆಸರೆ ಸಿಗುತ್ತಿತ್ತು.

ಈಗ ಕ್ಲಬ್. ನಾನು ನಮ್ಮ ಊರಿನ ಕಾರ್ವೆಟ್ ಕ್ಲಬ್ಬಿನ ಖಜಾಂಚಿ. ಹಾಗಾಗಿ ಈ 70 ಡಾಲರ್ ಎಲ್ಲಿಗೆ ಹೋಗುತ್ತದೆ ಎಂದು ನಾನು ಹೇಳಬಲ್ಲೆ. ಒಂದು ಪಾಲು ರಾಷ್ಟ್ರೀಯ ಸಂಘಕ್ಕೆ. ಉಳಿದದ್ದರಲ್ಲಿ ಕಾರ್ಯಕ್ರಮಗಳ ವಿಮೆ, ಆಟೋಕ್ರಾಸ್‌ಗೆ (ಕೋನ್‌ಗಳ ನಡುವೆ ಸಮಯದ ಲೆಕ್ಕದಲ್ಲಿ ಕಾರು ಓಡಿಸುವ ಸ್ಪರ್ಧೆ) ಬೇಕಾದ ಮೈದಾನದ ಬಾಡಿಗೆ, ವರ್ಷದ ಕಾರ್ ಶೋ ಖರ್ಚು. ಪ್ರತಿ ಸಭೆಯಲ್ಲೂ ಲೆಕ್ಕ ಓದುತ್ತೇನೆ. ಯಾವ ಸದಸ್ಯರಾದರೂ ಎದ್ದು ನಿಂತು ಕೇಳಬಹುದು, ಕೇಳುತ್ತಾರೆ ಕೂಡ. ನನಗೆ ಅದು ಇಷ್ಟ.

ಮುಂಚೆಯೇ ಸೇರಿ ಎಂದದ್ದು ಯಾಕೆಂದರೆ, ಸ್ಟಿಕ್ಕರ್ ಬೆಲೆಗೇ ಕೊಡುವ ಡೀಲರ್ ಯಾರು ಎಂಬುದು ಆ ಸಭೆಯಲ್ಲಿ ಕೂತವರಿಗೆ ಗೊತ್ತಿರುತ್ತದೆ. ಕಂಪನಿ ಡೀಲರ್‌ಗಳಿಗೆ ಕಾರು ಹಂಚುವಾಗ ಅವರ ಹಿಂದಿನ ಮಾರಾಟ ನೋಡುತ್ತದೆ. ಹಾಗಾಗಿ ಕಾರ್ವೆಟ್ ಜಾಸ್ತಿ ಮಾರುವ ಡೀಲರ್‌ಗಳ ಹತ್ತಿರ ಕಾರು ಜಾಸ್ತಿ ಇರುತ್ತದೆ. ಅಂಥ ಕೆಲವರು ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಹಾಕುವುದೇ ಇಲ್ಲ. ಕಾಯಬೇಕಾಗಬಹುದು, ಬೇರೆ ರಾಜ್ಯಕ್ಕೆ ಹೋಗಿ ತರಬೇಕಾಗಬಹುದು. 5,000 ಡಾಲರ್ ಉಳಿಯುವುದಾದರೆ ಹೋಗಿ ಬನ್ನಿ ಸರ್. ಕಾರು ಇಲ್ಲದೆ ಕ್ಲಬ್ಬಿಗೆ ಹೇಗೆ ಬರಲಿ ಎಂಬ ಸಂಕೋಚ ಬೇಡ. ನಮ್ಮಲ್ಲಿ ಹಾಗೆ ಬಂದವರಿಗೆ ಕುರ್ಚಿ ಎಳೆದು ಕೂರಿಸಿಕೊಳ್ಳುತ್ತೇವೆ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. 2003ರ ಪೋರ್ಶೆ 911 ಕರೇರಾ ಒಂದನ್ನು ನೋಡಿದ್ದೇನೆ. ಪೋರ್ಶೆ ಕ್ಲಬ್ಬಿನ ಸದಸ್ಯತ್ವಕ್ಕೆ ಕಾರು ಇರಲೇಬೇಕಂತೆ. ಹಾಗಾದರೆ ಕಾರು ಕೊಳ್ಳುವಾಗ ಕ್ಲಬ್ಬಿನಿಂದ ಏನು ಉಪಯೋಗ?

ಉತ್ತರ: ಪೋರ್ಶೆ ಕ್ಲಬ್ ಆಫ್ ಅಮೆರಿಕಾ 1955ರಿಂದ ಇದೆ. ಪೂರ್ಣ ಸದಸ್ಯರಾಗಲು ಪೋರ್ಶೆ ಇರಬೇಕು, ನಿಜ. ಆದರೆ ಕೊಳ್ಳುವ ಯೋಚನೆಯಲ್ಲಿರುವವರಿಗೆಂದೇ ಅವರಲ್ಲಿ ಟೆಸ್ಟ್ ಡ್ರೈವ್ ಎಂಬ ಸದಸ್ಯತ್ವ ಇದೆ. ಅದನ್ನು ವಿಚಾರಿಸಿ. ನಿಮಗಂತೂ ಅದು ಬೇಕೇ ಬೇಕು. 2003ರ ಕರೇರಾದ ಎಂಜಿನ್‌ನಲ್ಲಿ ಐಎಂಎಸ್ ಬೇರಿಂಗ್ ಎಂಬ ಚಿಕ್ಕ ಭಾಗ ಇದೆ. ಅದು ಕೈಕೊಟ್ಟರೆ ಲೋಹದ ಚೂರು ಎಣ್ಣೆಯಲ್ಲಿ ಸೇರಿ ಇಡೀ ಎಂಜಿನ್ ಹಾಳಾಗಬಹುದು. ಹಿಂದಿನ ಮಾಲೀಕರು ಕ್ಲಚ್ ಬದಲಿಸುವಾಗ ಬೇರಿಂಗನ್ನೂ ಬದಲಿಸಿದ್ದಾರಾ, ಬಿಲ್ ಇದೆಯಾ ಕೇಳಿ. ಗೇರ್‌ಬಾಕ್ಸ್ ಹೇಗೂ ಇಳಿಸಿರುತ್ತಾರೆ, ಹಾಗಾಗಿ ಎರಡನ್ನೂ ಒಟ್ಟಿಗೆ ಮಾಡಿಸುವುದು ರೂಢಿ. ಕೊಳ್ಳುವ ಮುಂಚೆ ಆಯಿಲ್ ಫಿಲ್ಟರ್ ಕತ್ತರಿಸಿ ಒಳಗೆ ಚೂರು ಇದೆಯಾ ನೋಡುವ ಮೆಕ್ಯಾನಿಕ್ ಬೇಕು. ಅಂಥವರ ಹೆಸರು ಕ್ಲಬ್ಬಿನವರ ಹತ್ತಿರ ಸಿಗುತ್ತದೆ. ನಿಮಗೆ ಡೀಲರ್ ಫೀ ಚಿಂತೆ ಇಲ್ಲ, 85 ಡಾಲರ್ ಅಷ್ಟೇ. ತಪಾಸಣೆಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ.

ಪ್ರಶ್ನೆ: ಬಿಎಂಡಬ್ಲ್ಯು ಕ್ಲಬ್ ಸದಸ್ಯರಿಗೆ ಹೊಸ ಕಾರಿನ ಮೇಲೆ ಕಂಪನಿಯಿಂದ ದುಡ್ಡು ವಾಪಸ್ ಬರುತ್ತದಂತೆ, ನಿಜವೇ?

ಉತ್ತರ: ನಿಜ. ಬಿಎಂಡಬ್ಲ್ಯು ಕಾರ್ ಕ್ಲಬ್ ಆಫ್ ಅಮೆರಿಕಾ ಸದಸ್ಯರಿಗೆ ಅಂಥ ರಿಬೇಟ್ ಕೊಡುತ್ತಾ ಬಂದಿದ್ದಾರೆ. ಆದರೆ ಇವತ್ತು ಸೇರಿ ನಾಳೆ ಕೇಳಿದರೆ ಸಿಗುವುದಿಲ್ಲ. ಕೊಳ್ಳುವ ಹೊತ್ತಿಗೆ ಸದಸ್ಯರಾಗಿ ಒಂದು ವರ್ಷ ಆಗಿರಬೇಕು. ಮುಂದಿನ ವರ್ಷ ಕಾರು ಎನ್ನುವವರು ಈಗಲೇ ಚಂದಾ ಕಟ್ಟಿ. ಯಾವ ಮಾಡೆಲ್‌ಗೆ ಎಷ್ಟು ಎಂಬ ಈಗಿನ ಪಟ್ಟಿಯನ್ನು ಕ್ಲಬ್ಬಿನಿಂದಲೇ ತರಿಸಿಕೊಳ್ಳಿ. ರಿಬೇಟ್ ಬರುವುದು ಕಂಪನಿಯಿಂದ. ಹಾಗಾಗಿ ಡೀಲರ್ ಹತ್ತಿರ ಬೆಲೆ ಮಾತಾಡಿ ಮುಗಿಯುವ ತನಕ ಅದರ ವಿಷಯ ಎತ್ತಬೇಡಿ.